ಗದ್ದೆಯ ಮೀನೂ ಬುಕಾನನ್ನನೂ

ಫ್ರಾನ್ಸಿಸ್ ಬುಕಾನನ್ನನ ಹೆಸರು ನಮ್ಮ ಚರಿತ್ರೆಯ ವಿದ್ಯಾರ್ಥಿಗಳಿಗೆ ಹೊಸದಲ್ಲ. 1799ರಲ್ಲಿ ಟಿಪ್ಪು ಸುಲ್ತಾನನು ಮಡಿದ ಮರುವರ್ಷವೇ ಮೈಸೂರು, ಕೆನರಾ, ಮಲಬಾರು ಸೀಮೆಗಳನ್ನು ಸುತ್ತಿ, ಬೆಳೆ, ಕಂದಾಯ, ಕಸುಬುಗಳನ್ನು ಕಂಪನಿ ಸರ್ಕಾರಕ್ಕಾಗಿ ಬರೆದಿಟ್ಟ ವೈದ್ಯನೀತ. ಆ ಪ್ರವಾಸಗ್ರಂಥವು 1807ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ನಾವು ಪರೀಕ್ಷೆಗೆ ಓದುವುದು ಇಷ್ಟನ್ನೇ. ಆದರೆ ಪ್ರಾಣಿಶಾಸ್ತ್ರದಲ್ಲಿ ಆತನ ಕೀರ್ತಿಯನ್ನು ಉಳಿಸಿರುವುದು ಬೆರಳುದ್ದವೂ ಇಲ್ಲದ ಒಂದು ಮೀನು.

ಬುಕಾನನ್ನನು 1762ರಲ್ಲಿ ಸ್ಕಾಟ್ಲೆಂಡಿನಲ್ಲಿ ಜನಿಸಿದನು. ಎಡಿನ್‌ಬರೋದಲ್ಲಿ ವೈದ್ಯಶಾಸ್ತ್ರವನ್ನು ಕಲಿತು, 1794ರಲ್ಲಿ ಬಂಗಾಳದಲ್ಲಿ ಕಂಪನಿಯ ಸೇವೆಗೆ ಸೇರಿದನು. 1807ರಿಂದ 1814ರವರೆಗೆ ಬಂಗಾಳ, ಬಿಹಾರಗಳ ಜಿಲ್ಲೆಗಳನ್ನು ಸಮೀಕ್ಷೆ ಮಾಡುವಾಗ ಅಲ್ಲಿನ ಹೊಳೆ, ಕೆರೆ, ಗದ್ದೆಗಳ ಮೀನುಗಳನ್ನು ಒಂದೊಂದಾಗಿ ಪರೀಕ್ಷಿಸಿದನು. ಆರೋಗ್ಯ ಕೆಟ್ಟು 1815ರಲ್ಲಿ ತಾಯ್ನಾಡಿಗೆ ಹೊರಟಾಗ, ಆತನು ಬರೆಸಿದ ಚಿತ್ರಗಳ ಸಂಗ್ರಹವನ್ನು ಒಯ್ಯಲು ಸರ್ಕಾರವು ಬಿಡಲಿಲ್ಲ. ವರ್ಷಗಳ ದುಡಿಮೆ ಕಲ್ಕತ್ತೆಯಲ್ಲೇ ಉಳಿಯಿತು. ಆದರೂ ಎದೆಗುಂದದೆ ಕುಳಿತು ಬರೆದು, 1822ರಲ್ಲಿ ಗಂಗಾನದಿಯ ಮೀನುಗಳನ್ನು ಕುರಿತ ಗ್ರಂಥವನ್ನು ಹೊರತಂದನು.

ಕಟ್ಲಾ, ರೋಹಿತ ಮೊದಲಾದ ಮೀನುಗಳಿಗೆ ಶಾಸ್ತ್ರೀಯ ನಾಮವನ್ನಿತ್ತ ಗ್ರಂಥವದು. ಅದರಲ್ಲಿಯೇ ಮೈಮೇಲೆ ನೀಲಿ ಪಟ್ಟೆಗಳುಳ್ಳ ಪುಟ್ಟ ಮೀನೊಂದನ್ನು ರೇರಿಯೊ ಎಂದು ಹೆಸರಿಸಿ, ಡೇನಿಯೊ ಗುಂಪಿನಲ್ಲಿಟ್ಟನು. ಡೇನಿಯೊ ಎಂಬುದು ಭತ್ತದ ಗದ್ದೆಯದು ಎಂಬರ್ಥದ ಧಾನಿ ಎಂಬ ಬಂಗಾಳಿ ಮಾತಿನಿಂದ ಬಂದುದು. ಹಲವು ಮೀನುಗಳಿಗೆ ಆತನು ಹೀಗೆ ಊರವರ ಮಾತನ್ನೇ ಉಳಿಸಿದನು.

ಆತನ ವರ್ಗೀಕರಣವು ಹಾಗೆಯೇ ಉಳಿಯಲಿಲ್ಲ. ಗೆಂಡೆಯ ಬಳಗವನ್ನೆಲ್ಲ ಆತನು ಸಿಪ್ರಿನಸ್ ಎಂಬ ಒಂದೇ ಕುಲದಡಿ ಇಟ್ಟು, ಡೇನಿಯೊವನ್ನು ಅದರ ಒಳಗುಂಪಾಗಿ ಮಾಡಿದ್ದನು. ಮುಂದೆ ಡೇನಿಯೊ ಪ್ರತ್ಯೇಕ ಕುಲವಾಯಿತು. ನೋಡಲು ಒಂದೇ ತೆರನಾದ ಎಷ್ಟೋ ಮೀನುಗಳು ಅದರಲ್ಲಿ ಬಂದು ಸೇರಿದವು. ಹೋಲಿಕೆಯೆಲ್ಲವೂ ರಕ್ತಸಂಬಂಧವಲ್ಲವಷ್ಟೆ! 2003ರಲ್ಲಿ ಫ್ಯಾಂಗ್ ಫ್ಯಾಂಗ್ ಎಂಬ ವಿದುಷಿಯು ದೇಹರಚನೆಯನ್ನು ಕೂಲಂಕಷವಾಗಿ ತುಲನೆ ಮಾಡಿ, ಡೇನಿಯೊ ಮತ್ತು ಡೆವೇರಿಯೊಗಳು ಬೇರೆ ಕುಲಗಳೆಂದು ತೋರಿಸಿದರು. ನಮ್ಮ ಪಶ್ಚಿಮ ಘಟ್ಟದ ತೊರೆಗಳ ಮಲಬಾರಿ ಮೀನು ಡೆವೇರಿಯೊ ಕಡೆಗೆ ಸೇರಿತು. ಅನಂತರ ಅನುವಂಶಿಕ ಧಾತುಗಳ ಪರೀಕ್ಷೆಯ ಬಲದಿಂದ, 2018ರ ವರ್ಗೀಕರಣದಲ್ಲಿ ಈ ಬಳಗಕ್ಕೆ ಡೇನಿಯೊನಿಡೇ ಎಂಬ ಸ್ವತಂತ್ರ ಕುಟುಂಬದ ಪಟ್ಟ ದೊರೆಯಿತು.

ಆ ರೇರಿಯೊ ಮೀನೇ ಇಂದು ಜಗತ್ತಿನ ಪ್ರಯೋಗಶಾಲೆಗಳಲ್ಲಿರುವ ಜೀಬ್ರಾ ಮೀನು. ಅದರ ಭ್ರೂಣವು ಪಾರದರ್ಶಕವಾದುದರಿಂದ ಅಂಗಾಂಗಗಳು ಬೆಳೆಯುವುದನ್ನು ಕಣ್ಣಾರೆ ಕಾಣಬಹುದು. ಮಾನವನ ಜೀನುಗಳಲ್ಲಿ ಸುಮಾರು ನೂರಕ್ಕೆ 70ಕ್ಕೆ ಅದರಲ್ಲಿ ಸಂವಾದಿ ಜೀನುಗಳಿವೆಯೆಂದು 2013ರಲ್ಲಿ ತಿಳಿದುಬಂದಿತು.

1829ರಲ್ಲಿ ತೀರಿಕೊಂಡ ಬುಕಾನನ್ನನಿಗೆ ಇದಾವುದೂ ತಿಳಿದಿರಲಿಲ್ಲ. ಆತನು ಆಳುವವರ ನೌಕರನೆಂಬುದನ್ನು ನಾನು ಮರೆತಿಲ್ಲ. ಆದರೆ ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗನು. ಗದ್ದೆಯವರ ಮಾತಿಗೆ ಗ್ರಂಥದಲ್ಲಿ ಎಡೆಯಿಲ್ಲವೆಂದೇ ಬೆಳೆದವನು. ಕುಲ ಬದಲಾಯಿತು, ಕುಟುಂಬ ಬದಲಾಯಿತು; ಬಂಗಾಳದ ಗದ್ದೆಯ ಮಾತು ಮಾತ್ರ ಆ ಕುಟುಂಬಕ್ಕೇ ಹೆಸರಾಗಿ ನಿಂತಿದೆ. ಬುಕಾನನ್ನನನ್ನು ನಾನು ಗೌರವಿಸುವುದು ಇದಕ್ಕಾಗಿ.