ಪೀಟರ್ ಮೆಡಾವರ್

ಸರ್ ಪೀಟರ್ ಬ್ರಯಾನ್ ಮೆಡಾವರ್ (ಫೆಬ್ರವರಿ ೨೮, ೧೯೧೫ – ಅಕ್ಟೋಬರ್ ೨, ೧೯೮೭) ಬ್ರಿಟನ್ನಿನ ಜೀವವಿಜ್ಞಾನಿ. ಒಬ್ಬರ ಅಂಗಾಂಶವನ್ನು ಮತ್ತೊಬ್ಬರ ದೇಹವು ತಿರಸ್ಕರಿಸುವುದು ರೋಗನಿರೋಧಕ ವ್ಯವಸ್ಥೆಯ ಕೆಲಸವೆಂದು ಪ್ರಯೋಗಗಳಿಂದ ತೋರಿಸಿಕೊಟ್ಟವರು. ಗಳಿಸಿದ ರೋಗನಿರೋಧಕ ಸಹಿಷ್ಣುತೆಯ ಸಂಶೋಧನೆಗಾಗಿ ಆಸ್ಟ್ರೇಲಿಯಾದ ಮ್ಯಾಕ್‌ಫರ್ಲೇನ್ ಬರ್ನೆಟ್ ಅವರೊಂದಿಗೆ ೧೯೬೦ರ ವೈದ್ಯವಿಜ್ಞಾನದ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡರು.

ಜನನ, ಶಿಕ್ಷಣ

ಮೆಡಾವರ್ ಹುಟ್ಟಿದ್ದು ಬ್ರೆಜಿಲ್‌ನಲ್ಲಿ. ತಂದೆ ಲೆಬನಾನ್ ಮೂಲದವರು, ತಾಯಿ ಇಂಗ್ಲಿಷರು. ಆಕ್ಸ್‌ಫರ್ಡ್‌ನ ಮ್ಯಾಗ್ಡಲೆನ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಓದಿದರು. ೧೯೩೭ರಲ್ಲಿ ಸಹಪಾಠಿ ಜೀನ್ ಟೇಲರ್ ಅವರನ್ನು ವಿವಾಹವಾದರು.

ಕಸಿಯ ಸಂಶೋಧನೆ

ಎರಡನೆಯ ಮಹಾಯುದ್ಧದ ಕಾಲದಲ್ಲಿ ಆಕ್ಸ್‌ಫರ್ಡ್‌ನ ಅವರ ಮನೆಯ ಸಮೀಪದಲ್ಲೇ ಯುದ್ಧವಿಮಾನವೊಂದು ಬಿದ್ದು ವಿಮಾನಚಾಲಕನು ತೀವ್ರವಾಗಿ ಸುಟ್ಟುಹೋದನು. ಇಂತಹ ಗಾಯಾಳುಗಳಿಗೆ ಇತರರ ಚರ್ಮವನ್ನು ಕಸಿ ಮಾಡಿದರೆ ಕೆಲವೇ ದಿನಗಳಲ್ಲಿ ಅದು ಕಳಚಿ ಬೀಳುತ್ತಿತ್ತು. ಕಾರಣವನ್ನರಸಿ ಮೆಡಾವರ್ ಗ್ಲ್ಯಾಸ್ಗೋದ ಆಸ್ಪತ್ರೆಯಲ್ಲಿ ಶಸ್ತ್ರವೈದ್ಯ ಥಾಮಸ್ ಗಿಬ್ಸನ್ ಅವರೊಡನೆ ಕೆಲಸ ಮಾಡಿದರು. ಸುಟ್ಟಗಾಯಗಳಾದ ಮಹಿಳೆಯೊಬ್ಬರಿಗೆ ಆಕೆಯ ಸಹೋದರನ ಚರ್ಮವನ್ನು ಎರಡು ಬಾರಿ ಕಸಿ ಮಾಡಿದಾಗ, ಎರಡನೆಯ ಕಸಿ ಮೊದಲನೆಯದಕ್ಕಿಂತ ಬೇಗ ನಾಶವಾಯಿತು. ದೇಹವು ಹಿಂದಿನ ಕಸಿಯನ್ನು ನೆನಪಿಟ್ಟುಕೊಂಡಿತ್ತು. ಸೋಂಕಿನ ವಿರುದ್ಧ ಹೋರಾಡುವ ವ್ಯವಸ್ಥೆಯೇ ಇಲ್ಲಿಯೂ ಕೆಲಸ ಮಾಡುತ್ತಿದೆ ಎಂಬ ನಿಲುವಿಗೆ ಇದು ಬಲ ನೀಡಿತು. ಇಬ್ಬರ ಪ್ರಬಂಧ ೧೯೪೩ರಲ್ಲಿ ಪ್ರಕಟವಾಯಿತು. ಮೊಲಗಳ ಮೇಲಿನ ಪ್ರಯೋಗಗಳು ಅದನ್ನು ದೃಢಪಡಿಸಿದವು.

ಮುಂದಿನ ಸುಳಿವು ದೊರೆತದ್ದು ದನದ ಕೊಟ್ಟಿಗೆಯಲ್ಲಿ. ಅವಳಿ ಕರುಗಳಲ್ಲಿ ಏಕರೂಪದವನ್ನು ಗುರುತಿಸಲು ಚರ್ಮದ ಕಸಿ ನೆರವಾಗಬಹುದೆಂದು ಮೆಡಾವರ್ ಮತ್ತು ರೂಪರ್ಟ್ ಬಿಲ್ಲಿಂಗ್‌ಹ್ಯಾಮ್ ಎಣಿಸಿದ್ದರು. ಆ ಎಣಿಕೆ ಸಂಪೂರ್ಣ ಸುಳ್ಳಾಯಿತು: ಏಕರೂಪವಲ್ಲದ ಅವಳಿಗಳೂ ಪರಸ್ಪರರ ಚರ್ಮವನ್ನು ಒಪ್ಪಿಕೊಂಡವು. ಗರ್ಭದಲ್ಲಿ ರಕ್ತ ಬೆರೆತ ಅವಳಿ ಕರುಗಳು ಒಂದರ ರಕ್ತಕಣಗಳನ್ನು ಮತ್ತೊಂದು ಹೊತ್ತಿರುತ್ತವೆ ಎಂದು ಅಮೆರಿಕದ ರೇ ಓವನ್ ೧೯೪೫ರಲ್ಲೇ ತಿಳಿಸಿದ್ದರು.

ಇದನ್ನು ಕೃತಕವಾಗಿ ಸಾಧಿಸಲು ಮೆಡಾವರ್, ಬಿಲ್ಲಿಂಗ್‌ಹ್ಯಾಮ್ ಮತ್ತು ಲೆಸ್ಲಿ ಬ್ರೆಂಟ್ ಲಂಡನ್‌ನ ಯೂನಿವರ್ಸಿಟಿ ಕಾಲೇಜಿನಲ್ಲಿ ಇಲಿಗಳನ್ನು ಬಳಸಿದರು. ಒಂದು ತಳಿಯ ಇಲಿಭ್ರೂಣಗಳಿಗೆ ಮತ್ತೊಂದು ತಳಿಯ ಜೀವಕೋಶಗಳನ್ನು ಚುಚ್ಚಲಾಯಿತು. ಇವುಗಳಲ್ಲಿ ಕೆಲವು ಬೆಳೆದ ಮೇಲೆ ಆ ತಳಿಯ ಚರ್ಮವನ್ನು ತಮ್ಮದೆಂಬಂತೆ ಉಳಿಸಿಕೊಂಡವು. ೧೯೫೩ರಲ್ಲಿ ಪ್ರಕಟವಾದ ಈ ಕೆಲಸದ ಮತ್ತೊಂದು ಭಾಗವೂ ಅಷ್ಟೇ ಮುಖ್ಯವಾದುದು. ಸಹಿಷ್ಣು ಇಲಿಗೆ, ಅದರದೇ ತಳಿಯ ಆದರೆ ಆ ಕಸಿಯ ವಿರುದ್ಧ ಈಗಾಗಲೇ ಪ್ರತಿರಕ್ಷೆ ಪಡೆದಿದ್ದ ಇಲಿಯ ದುಗ್ಧಗ್ರಂಥಿಯ ಕೋಶಗಳನ್ನು ಕೊಟ್ಟಾಗ, ನೆಮ್ಮದಿಯಾಗಿದ್ದ ಕಸಿ ನಾಶವಾಯಿತು. ಪ್ರತಿರಕ್ಷೆಯನ್ನು ಜೀವಕೋಶಗಳ ಮೂಲಕ ಒಂದು ದೇಹದಿಂದ ಇನ್ನೊಂದಕ್ಕೆ ಸಾಗಿಸಬಹುದೆಂಬುದು ಹೀಗೆ ಸ್ಪಷ್ಟವಾಯಿತು. ಇಂದಿನ ರೋಗನಿರೋಧಕ ಕೋಶ ಚಿಕಿತ್ಸೆಗಳು ಇದೇ ತತ್ತ್ವವನ್ನು ಆಧರಿಸಿವೆ.

ಭ್ರೂಣಕ್ಕೆ ಚುಚ್ಚುವ ಈ ವಿಧಾನ ವಯಸ್ಕ ರೋಗಿಗಳಿಗೆ ಉಪಯೋಗಕ್ಕೆ ಬರಲಿಲ್ಲ. ಆದರೂ ತಿರಸ್ಕಾರವನ್ನು ಮಣಿಸಬಹುದೆಂಬ ಭರವಸೆಯನ್ನು ಅದು ಶಸ್ತ್ರವೈದ್ಯರಿಗೆ ನೀಡಿತು. ನೊಬೆಲ್ ಹಣದಲ್ಲಿ ಮೆಡಾವರ್ ತಮ್ಮಿಬ್ಬರು ಸಹೋದ್ಯೋಗಿಗಳಿಗೂ ಪಾಲು ಕೊಟ್ಟರು.

ನಂತರದ ವರ್ಷಗಳು

೧೯೬೨ರಲ್ಲಿ ಲಂಡನ್‌ನ ರಾಷ್ಟ್ರೀಯ ವೈದ್ಯಕೀಯ ಸಂಶೋಧನಾ ಸಂಸ್ಥೆಯ ನಿರ್ದೇಶಕರಾದರು. ೧೯೬೯ರಲ್ಲಿ ಎಕ್ಸೆಟರ್ ಕೆಥೆಡ್ರಲ್‌ನಲ್ಲಿ ಪಾಠ ಓದುತ್ತಿದ್ದಾಗ ಪಾರ್ಶ್ವವಾಯುವಿಗೆ ತುತ್ತಾದರು. ಪತ್ನಿಯ ನೆರವಿನಿಂದ ಸಂಶೋಧನೆಯನ್ನೂ ಬರವಣಿಗೆಯನ್ನೂ ಮುಂದುವರಿಸಿ, ಯುವ ವಿಜ್ಞಾನಿಗಳಿಗೆ ಸಲಹೆ ನೀಡುವ ಪುಸ್ತಕವನ್ನೂ ೧೯೮೬ರಲ್ಲಿ ಆತ್ಮಕಥೆಯನ್ನೂ ಪ್ರಕಟಿಸಿದರು. ಮರುವರ್ಷ ಲಂಡನ್‌ನಲ್ಲಿ ನಿಧನರಾದರು.