ಲ್ಯೂಟ್ ವಾದಕ ಜಾನ್ ಡೌಲೆಂಡ್

ನಮ್ಮಲ್ಲಿ ವೀಣೆಗಿರುವಂತಹ ಮನ್ನಣೆಯು ಹದಿನಾರನೆಯ ಶತಮಾನದ ಯುರೋಪಿನಲ್ಲಿ ಲ್ಯೂಟ್ ಎಂಬ ತಂತಿವಾದ್ಯಕ್ಕಿದ್ದಿತು. ಅರಬರ ಊದ್ ವಾದ್ಯದಿಂದ ಬೆಳೆದು ಬಂದ ಇದರ ಒಡಲು ಉದ್ದಕ್ಕೆ ಸೀಳಿದ ಹಣ್ಣಿನ ಹೋಳಿನಂತಿದ್ದು, ತೆಳ್ಳನೆಯ ಮರದ ಪಟ್ಟಿಗಳನ್ನು ಬಾಗಿಸಿ ಅಂಟಿಸಿ ರಚಿಸಿದುದು. ಪ್ರಾಣಿಗಳ ಕರುಳಿನಿಂದ ಹೊಸೆದ ತಂತಿಗಳನ್ನು ಜೋಡಿಜೋಡಿಯಾಗಿ ಬಿಗಿದು ಬೆರಳ ತುದಿಯಿಂದ ಮೀಟುತ್ತಿದ್ದರು. ದನಿ ಮೆಲು, ದೊಡ್ಡ ಸಭೆಗಿಂತ ಸಣ್ಣ ಕೋಣೆಗೇ ತಕ್ಕುದು. ಇಂಗ್ಲೆಂಡಿನಲ್ಲಿ ಈ ವಾದ್ಯದ ಕೀರ್ತಿಯನ್ನು ಶಿಖರಕ್ಕೇರಿಸಿದವನು ಜಾನ್ ಡೌಲೆಂಡ್.

1563ರಲ್ಲಿ ಜನಿಸಿದ ಈತನು 1580ರಲ್ಲಿ ಇಂಗ್ಲಿಷ್ ರಾಯಭಾರಿಯ ಪರಿವಾರದೊಡನೆ ಪ್ಯಾರಿಸಿಗೆ ತೆರಳಿ, ಅಲ್ಲಿ ಕ್ಯಾಥೊಲಿಕ್ ಮತವನ್ನು ಸ್ವೀಕರಿಸಿದನು. 1588ರಲ್ಲಿ ಆಕ್ಸ್‌ಫರ್ಡಿನಿಂದ ಸಂಗೀತ ಪದವಿಯನ್ನು ಪಡೆದನು. 1594ರಲ್ಲಿ ಎಲಿಜಬೆತ್ ರಾಣಿಯ ಆಸ್ಥಾನದಲ್ಲಿ ಲ್ಯೂಟ್ ವಾದಕನ ಸ್ಥಾನವು ತೆರವಾಯಿತು. ಅದು ತನಗೇ ಸಲ್ಲುವುದೆಂದು ಡೌಲೆಂಡನು ನಂಬಿದ್ದನು, ಸಲ್ಲಲಿಲ್ಲ. ತನ್ನ ಮತವೇ ಅಡ್ಡಬಂದಿತೆಂಬುದು ಅವನ ಕೊರಗು. ಆದರೆ ಅದೇ ಮತದ ವಿಲಿಯಂ ಬರ್ಡ್ ರಾಣಿಯ ಪ್ರಾರ್ಥನಾಮಂದಿರದ ಸೇವೆಯಲ್ಲಿದ್ದುದನ್ನು ನೆನೆದರೆ, ಈ ಕಾರಣವನ್ನು ಪೂರ್ತಿಯಾಗಿ ಒಪ್ಪುವುದು ಕಷ್ಟ.

ನೊಂದ ಕಲಾವಿದನು ದೇಶಾಂತರ ಹೊರಟನು. ಜರ್ಮನಿಯ ಅರಸರು ಅವನನ್ನು ಆದರಿಸಿದರು. ಅಲ್ಲಿಂದ ಇಟಲಿಗೆ ಹೋದಾಗ, ಫ್ಲಾರೆನ್ಸಿನಲ್ಲಿದ್ದ ಕೆಲವು ಇಂಗ್ಲಿಷ್ ಕ್ಯಾಥೊಲಿಕರು ರಾಣಿಯ ವಿರುದ್ಧ ಸಂಚು ನಡೆಸುತ್ತಿರುವುದನ್ನರಿತು ಬೆದರಿ ಹಿಂದಿರುಗಿದನು. 1595ರಲ್ಲಿ ನ್ಯೂರೆಂಬರ್ಗಿನಿಂದ ರಾಬರ್ಟ್ ಸೆಸಿಲನಿಗೆ ಪತ್ರ ಬರೆದು, ತನ್ನ ನಿಷ್ಠೆಯನ್ನು ನಿವೇದಿಸಿಕೊಂಡನು. ಅದರಿಂದಲೂ ಆಸ್ಥಾನದ ಬಾಗಿಲು ತೆರೆಯಲಿಲ್ಲ.

1597ರಲ್ಲಿ ಅವನ ಮೊದಲ ಗೀತಸಂಪುಟವು ಲಂಡನ್ನಿನಲ್ಲಿ ಅಚ್ಚಾಗಿ, ಹಲವು ಮುದ್ರಣಗಳನ್ನು ಕಂಡಿತು. ಅದರ ಮುದ್ರಣಕ್ರಮವು ಕುತೂಹಲಕರವಾದುದು. ಬೇರೆಬೇರೆ ಕಂಠಗಳ ಸ್ವರಪಾಠವನ್ನು ಬೇರೆಬೇರೆ ದಿಕ್ಕಿಗೆ ತಿರುಗಿಸಿ ಅಚ್ಚು ಮಾಡಿರುವುದರಿಂದ, ಮೇಜಿನ ಮೇಲೆ ಒಂದೇ ಪುಸ್ತಕವನ್ನಿರಿಸಿ, ಸುತ್ತ ಕುಳಿತವರೆಲ್ಲರೂ ಕೂಡಿ ಹಾಡಬಹುದಾಗಿತ್ತು. ಒಬ್ಬನೇ ಹಾಡುವುದಾದರೆ ಲ್ಯೂಟ್ ಒಂದೇ ಸಾಕು.

ಮರುವರ್ಷ ಡೆನ್ಮಾರ್ಕಿನ ದೊರೆ ನಾಲ್ಕನೆಯ ಕ್ರಿಶ್ಚಿಯನ್ ವರ್ಷಕ್ಕೆ 500 ಡಾಲರ್ ನಾಣ್ಯಗಳ ಭಾರಿ ಸಂಬಳವಿತ್ತು ಅವನನ್ನು ಕರೆಸಿಕೊಂಡನು. 1604ರಲ್ಲಿ ಪ್ರಕಟವಾದ ಲ್ಯಾಕ್ರಿಮೆ, ಎಂದರೆ ಕಣ್ಣೀರು ಎಂಬ ಕೃತಿಯು ಒಂದೇ ಶೋಕಸ್ವರದಿಂದ ಮೊದಲಾಗುವ ಏಳು ವಿಳಂಬಗತಿಯ ರಚನೆಗಳನ್ನೊಳಗೊಂಡಿದೆ. ಇಳಿಮುಖವಾಗಿ ಬರುವ ನಾಲ್ಕು ಸ್ವರಗಳಲ್ಲಿ ಅಷ್ಟು ದುಃಖವನ್ನು ತುಂಬಿದವರು ವಿರಳ. ರಜೆಯ ಮೇಲೆ ಇಂಗ್ಲೆಂಡಿಗೆ ಬಂದು ಬಹುಕಾಲ ತಂಗುತ್ತಿದ್ದುದೂ ಸೇರಿ 1606ರಲ್ಲಿ ಡೆನ್ಮಾರ್ಕಿನ ಕೆಲಸವು ತಪ್ಪಿತು.

ಕೊನೆಗೆ 1612ರಲ್ಲಿ, ಒಂದನೆಯ ಜೇಮ್ಸ್ ದೊರೆಯ ಕಾಲದಲ್ಲಿ, ಬಯಸಿದ್ದ ಪದವಿಯು ಕೈಗೂಡಿತು. ಆಗ ಅವನಿಗೆ ಐವತ್ತರ ಹತ್ತಿರ. ತರುಣ ವಾದಕರು ತನ್ನನ್ನು ಹಳಬನೆಂದು ಹಳಿಯುತ್ತಿದ್ದಾರೆಂದು ಅದೇ ವರ್ಷದ ತನ್ನ ಕೊನೆಯ ಗೀತಸಂಪುಟದಲ್ಲಿ ದೂರಿದ್ದನು. ಪದವಿ ಬಂದ ಮೇಲೆ ಅವನು ರಚಿಸಿದ್ದು ಅತ್ಯಲ್ಪ.

1626ರ ಫೆಬ್ರವರಿಯಲ್ಲಿ ಲಂಡನ್ನಿನ ಬ್ಲ್ಯಾಕ್‌ಫ್ರೈಯರ್ಸ್‌ನಲ್ಲಿದ್ದ ಸಂತ ಆನ್ ಚರ್ಚಿನಲ್ಲಿ ಅವನನ್ನು ಸಮಾಧಿ ಮಾಡಿದರು. 1666ರ ಮಹಾ ಅಗ್ನಿಯಲ್ಲಿ ಆ ಚರ್ಚು ಸುಟ್ಟುಹೋಯಿತು, ಮತ್ತೆ ಕಟ್ಟಲಿಲ್ಲ. ಅರಮನೆಯಲ್ಲಿ ಅವನ ಸ್ಥಾನವು ಮಗ ರಾಬರ್ಟನಿಗೆ ದೊರೆಯಿತು.