ಗುಂಡಿಯ ಕಲ್ಲನ್ನು ಓದಿದ ರಾಬರ್ಟ್ ಬ್ರೂಸ್ ಫೂಟ್

ಮದರಾಸಿನ ಹೊರವಲಯದ ಪಲ್ಲಾವರದಲ್ಲಿ, ಸೈನ್ಯದ ಕವಾಯತು ಬಯಲಿನ ಬಳಿ, ಜಲ್ಲಿಗಾಗಿ ಅಗೆದ ಒಂದು ಸಣ್ಣ ಗುಂಡಿಯಿತ್ತು. 1863ನೆಯ ಇಸವಿ ಮೇ 30ರಂದು ಭೂವಿಜ್ಞಾನ ಇಲಾಖೆಯ ತರುಣ ಅಧಿಕಾರಿಯೊಬ್ಬರು ಆ ಗುಂಡಿಯಿಂದ ಹೊರಗೆಸೆದಿದ್ದ ಕಲ್ಲುಮಣ್ಣಿನೊಳಗಿಂದ ಕ್ವಾರ್ಟ್ಜೈಟಿನ ಒಂದು ತುಂಡನ್ನು ಎತ್ತಿಕೊಂಡರು. ಚಕ್ಕೆ ಎಬ್ಬಿಸಿ ರೂಪಿಸಿದ ಕೈಗೊಡಲಿ ಅದು. ಭಾರತದಲ್ಲಿಯೂ ಹಳೆಯ ಶಿಲಾಯುಗದ ಮಾನವನಿದ್ದನೆಂಬುದಕ್ಕೆ ಸಾಕ್ಷಿ ದೊರೆತದ್ದು ಹೀಗೆ, ರಸ್ತೆಗೋ ಕಟ್ಟಡಕ್ಕೋ ಹೋಗಬೇಕಾಗಿದ್ದ ಜಲ್ಲಿಯ ನಡುವೆ.

ಆ ಅಧಿಕಾರಿಯೇ ರಾಬರ್ಟ್ ಬ್ರೂಸ್ ಫೂಟ್. 1834ರಲ್ಲಿ ಇಂಗ್ಲೆಂಡಿನಲ್ಲಿ ಜನಿಸಿದ ಇವರು 1858ರಲ್ಲಿ ಭಾರತದ ಭೂವಿಜ್ಞಾನ ಸರ್ವೇಕ್ಷಣೆಯನ್ನು ಸೇರಿದರು. ಅವರಿಗೆ ವಹಿಸಿದ್ದ ಕೆಲಸ ಬಂಡೆಗಳನ್ನು ಪರೀಕ್ಷಿಸಿ ನಕ್ಷೆ ಬರೆಯುವುದು. ಮನುಷ್ಯನ ಪೂರ್ವಚರಿತ್ರೆಯನ್ನು ಹುಡುಕೆಂದು ಯಾರೂ ಹೇಳಿರಲಿಲ್ಲ. ಆದರೆ ಫ್ರಾನ್ಸಿನ ಸೋಮ್ ನದಿಯ ಕಣಿವೆಯ ಜಲ್ಲಿಗುಂಡಿಗಳಲ್ಲಿ ಬೂಶೆ ದ ಪೆರ್ತ್ ಎಂಬವರು ಕಂಡ ಕಲ್ಲಿನ ಆಯುಧಗಳನ್ನು 1859ರಲ್ಲಿ ಇಂಗ್ಲಿಷ್ ವಿದ್ವಾಂಸರು ಒಪ್ಪಿಕೊಂಡಿದ್ದರು. ಆ ಸುದ್ದಿ ಬಲ್ಲವರ ಕಣ್ಣಿಗೆ ಪಲ್ಲಾವರದ ಕಲ್ಲು ಬರಿಯ ಕಲ್ಲಾಗಿ ಉಳಿಯಲಿಲ್ಲ. ಅದೇ ವರ್ಷ ಫೂಟರೂ ಅವರ ಸಹೋದ್ಯೋಗಿ ವಿಲಿಯಂ ಕಿಂಗರೂ ಅತ್ತಿರಂಪಾಕ್ಕಂನಲ್ಲಿ ಇನ್ನಷ್ಟು ಆಯುಧಗಳನ್ನು ಕಂಡರು. ಆ ಸ್ಥಳದ ಅತ್ಯಂತ ಹಳೆಯ ಆಯುಧಗಳು ಸುಮಾರು 15 ಲಕ್ಷ ವರ್ಷಗಳಷ್ಟು ಹಿಂದಿನವೆಂದು 2011ರಲ್ಲಿ ಪ್ರಕಟವಾದ ಸಂಶೋಧನೆ ತಿಳಿಸಿತು. ಅಷ್ಟು ಪ್ರಾಚೀನತೆಯನ್ನು ಅಳೆಯುವ ಸಾಧನ ಫೂಟರ ಕಾಲದಲ್ಲಿರಲಿಲ್ಲ.

ಕನ್ನಡನಾಡಿಗೆ ಫೂಟರ ಋಣ ದೊಡ್ಡದು. ಚಿನ್ನದ ಗಣಿಗಳಿಗೂ ಕಬ್ಬಿಣದ ಅದಿರಿಗೂ ತಾಯಿಯಾದ ನಮ್ಮ ಶಿಲಾಸಮೂಹಕ್ಕೆ ಧಾರವಾಡದ ಹೆಸರಿಟ್ಟವರು ಅವರೇ. ಗೋಕಾಕದ ಬಳಿಯ ಚಿಕ್‌ದೌಳಿಯಲ್ಲಿ ದೊರೆತ ಖಡ್ಗಮೃಗದ ಪಳೆಯುಳಿಕೆಯನ್ನು 1874ರಲ್ಲಿ ಅವರು ವರ್ಣಿಸಿದರು. ಬೆಳಗಾವಿ ಜಿಲ್ಲೆಯಲ್ಲಿ ಖಡ್ಗಮೃಗವೆಂದರೆ ಈಗ ನಗು ಬರಬಹುದು!

ಆದರೂ ನನ್ನ ಮನಸ್ಸು ನಿಲ್ಲುವುದು ಬಳ್ಳಾರಿಯ ಹತ್ತಿರದ ಕಪ್ಪಗಲ್ಲು ಗುಡ್ಡದಲ್ಲಿ. ಅಲ್ಲಿ ಗ್ರಾನೈಟಿನ ನಡುವೆ ಕರಿಯ ಡಾಲರೈಟಿನ ಪಟ್ಟಿಯೊಂದು ಹಾದುಹೋಗಿದೆ. ನವಶಿಲಾಯುಗದವರು ಅದರಿಂದ ತುಂಡು ತೆಗೆದು, ಚಕ್ಕೆ ಹಾರಿಸಿ, ಕುಟ್ಟಿ ನಯಮಾಡಿ, ಕೊನೆಗೆ ಬಂಡೆಯ ಮೇಲೆ ಉಜ್ಜಿ ಕೊಡಲಿ ಮಾಡುತ್ತಿದ್ದರು. ಉಜ್ಜಿದ ಸವೆತದ ಕುಳಿಗಳು, ಕೈಕೊಟ್ಟ ಕೊಡಲಿಗಳು, ಚಕ್ಕೆಗಳ ರಾಶಿ ಇವನ್ನೆಲ್ಲ ನೋಡಿ ಇದೊಂದು ಕಾರ್ಖಾನೆಯೆಂದು ಫೂಟರು ಗುರುತಿಸಿದರು. ಸುತ್ತಲಿನ ಬೂದಿದಿಬ್ಬಗಳು ರಾಕ್ಷಸರ ಚಿತೆಯೆಂದು ಜನ ಹೇಳುತ್ತಿದ್ದರೆ, ಅವು ದನಗಳ ಸಗಣಿ ಸುಟ್ಟ ಬೂದಿಯೆಂದು ಅವರು ತರ್ಕಿಸಿದರು. ಮುಂದೆ ಉತ್ನೂರಿನ ಉತ್ಖನನ ಅದನ್ನೇ ಸಮರ್ಥಿಸಿತು. ಎಲ್ಲದರಲ್ಲೂ ಅವರು ಸರಿಯೆನ್ನಲಾಗದು. ಹಳೆಯ ಮತ್ತು ಹೊಸ ಶಿಲಾಯುಗಗಳ ನಡುವೆ ಈ ನಾಡಿನಲ್ಲಿ ದೊಡ್ಡ ಕಾಲದ ಅಂತರವಿತ್ತೆಂದು ನಂಬಿದ್ದರು. ಅನಂತರದ ಶೋಧನೆಗಳು ಆ ಅಂತರವನ್ನು ತುಂಬಿವೆ.

1891ರಲ್ಲಿ ನಿವೃತ್ತರಾದ ಮೇಲೆಯೂ ಅವರು ಸುಮ್ಮನೆ ಕೂರಲಿಲ್ಲ. ಬರೋಡಾ ಸಂಸ್ಥಾನದಲ್ಲಿಯೂ ಸರ್ವೇಕ್ಷಣೆ ನಡೆಸಿದರು. ಏರ್ಕಾಡಿನಲ್ಲಿ ಮನೆಮಾಡಿ, ಸಂಗ್ರಹವನ್ನು ವಿಂಗಡಿಸುತ್ತ ಮುಪ್ಪನ್ನು ಕಳೆದರು. 1904ರಲ್ಲಿ ಆ ಸಂಗ್ರಹ ಮದರಾಸಿನ ವಸ್ತುಸಂಗ್ರಹಾಲಯಕ್ಕೆ ಸೇರಿತು. 1912ರಲ್ಲಿ ಅವರು ತೀರಿಕೊಂಡರು. ಸಂಗ್ರಹದ ವಿವರಪಟ್ಟಿ 1914ರಲ್ಲಿಯೂ ಟಿಪ್ಪಣಿಗಳ ಗ್ರಂಥ 1916ರಲ್ಲಿಯೂ ಹೊರಬಂದುವು. ಅಚ್ಚಾದುದನ್ನು ನೋಡುವ ಭಾಗ್ಯ ಅವರಿಗಿರಲಿಲ್ಲ.

ಕಪ್ಪಗಲ್ಲಿನ ಗುಡ್ಡವನ್ನು ಈ ಕಾಲದ ಕಲ್ಲುಗಣಿಗಾರಿಕೆ ಸಾಕಷ್ಟು ಕಡಿದುಹಾಕಿದೆ. ಹಾಗೆಂದು ಬರೆಯಲು ನನಗೆ ಸಂಕೋಚ. ನನ್ನ ತಂದೆ ಬೇರೊಂದು ಕಲ್ಲುಗಣಿಯಲ್ಲಿ ಕೂಲಿ ಮಾಡಿಯೇ ನನ್ನ ಫೀಜು ಕಟ್ಟಿದವರು. ಅಕ್ಷರ ಬಾರದ ಅವರ ಮುಂದೆ ಕೈಗೊಡಲಿಯ ಚಿತ್ರವನ್ನಿಟ್ಟಾಗ, ಮೊದಲ ಪೆಟ್ಟು ಬಿದ್ದುದೆಲ್ಲಿ, ಅನಂತರದ್ದೆಲ್ಲಿ ಎಂದು ಬೆರಳಿಟ್ಟು ತೋರಿಸಿದರು. ಇಂಥದು ಯಂತ್ರದ ಬಾಯಿಗೆ ಎಷ್ಟು ಹೋಯಿತೋ ಎಂದು ಬಹಳ ಹೊತ್ತು ಸುಮ್ಮನೆ ಕುಳಿತರು. ಅಂದಿನಿಂದ ಅನುಮಾನ ಬಂದ ಕಲ್ಲುಗಳನ್ನು ಬುತ್ತಿಯ ಚೀಲದಲ್ಲಿ ತರುತ್ತಾರೆ. ಈವರೆಗೆ ತಂದ ಯಾವುದೂ ಆಯುಧವಲ್ಲ. ನಮ್ಮ ಜಗಲಿಯ ಮೂಲೆಯಲ್ಲಿ ಹನ್ನೊಂದು ಕಲ್ಲುಗಳಿವೆ.